ಪಿಂಗ್ ಬರ್ತಾ ಇದೆ

ಸ್ಕ್ಯಾನಿಂಗ್ ಮೇಡಂ ಮೊದಲ ಸಲ ಫೋನ್ ಮಾಡಿದ್ದು ಏಪ್ರಿಲ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ. "ಸಾರ್, ಇಮೇಜ್ ಹೋಗ್ತಾ ಇಲ್ಲ. ಎಂಟೂವರೆ ಪೇಷೆಂಟ್‌ದೇ ಇನ್ನೂ ಕ್ಯೂನಲ್ಲಿ ಕೂತಿದೆ." ನಾನು ಕಾಫಿ ಲೋಟ ಕೆಳಗಿಡದೆ ಎಡಗೈಯಲ್ಲೇ ಕೀಬೋರ್ಡ್ ಒತ್ತಿ ಅವರ ಸಿ.ಟಿ. ಮೆಷೀನಿಗೆ ಪಿಂಗ್ ಕೊಟ್ಟೆ. ಕಳಿಸಿದ್ದು ನಾಲ್ಕು, ಬಂದದ್ದು ನಾಲ್ಕು, ನಷ್ಟ ಸೊನ್ನೆ. "ಪಿಂಗ್ ಬರ್ತಾ ಇದೆ ಮೇಡಂ, ನೆಟ್‌ವರ್ಕ್ ಸರಿಯಿದೆ. ನಿಮ್ಮ ಮೆಷೀನ್ ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಅಂದೆ. ಆ ಮಾತಿನ ಸಾಲ ತೀರಿಸಲು ನನಗೆ ಹತ್ತೊಂಬತ್ತು ದಿನ ಬೇಕಾಯಿತು.

ನಾನು ಕೆಲಸ ಮಾಡುವುದು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಐ.ಟಿ. ವಿಭಾಗ ಅಂತ ಬೋರ್ಡ್ ಇದೆ, ಒಳಗಿರುವವರು ಇಬ್ಬರೇ. ನಾನು, ಮತ್ತೆ ಡಿಪ್ಲೊಮಾ ಮುಗಿಸಿ ಬಂದ ಒಬ್ಬ ಹುಡುಗ. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೂ ನಾವೇ, ಡಾಕ್ಟರ ಮಗನ ಮೊಬೈಲ್ ಹ್ಯಾಂಗ್ ಆದರೂ ನಾವೇ. ಹಳೇ ಕಟ್ಟಡ ರಸ್ತೆಯ ಈಚೆ. ಸ್ಕ್ಯಾನಿಂಗ್, ಲ್ಯಾಬ್, ಬಿಲ್ಲಿಂಗ್ ಇರುವ ಹೊಸ ಬ್ಲಾಕ್ ಆಚೆ. ಎರಡರ ನಡುವೆ ನೆಲದಡಿಯ ಪೈಪಿನಲ್ಲಿ ಫೈಬರ್ ಎಳೆದಿದ್ದಾರೆ. ಒಂದು ಹೋದರೆ ಇನ್ನೊಂದಿರಲಿ ಅಂತ ಎರಡು ಲಿಂಕ್. ಎರಡನ್ನೂ ಕಟ್ಟಿ ಒಂದೇ ಲಿಂಕಿನ ಹಾಗೆ ಸ್ವಿಚ್‌ಗಳಿಗೆ ತೋರಿಸಿದ್ದಾರೆ. ಸರ್ವರ್‌ಗಳು, ದೊಡ್ಡ ಕೋರ್ ಸ್ವಿಚ್ ಎಲ್ಲ ಹಳೇ ಕಟ್ಟಡದಲ್ಲಿ. ಕೋರ್ ಸ್ವಿಚ್‌ನ ಪಾಸ್‌ವರ್ಡ್ ಮಾತ್ರ ನಿರ್ವಹಣೆಯ ಗುತ್ತಿಗೆ (ಎ.ಎಂ.ಸಿ.) ಹಿಡಿದ ಬೆಂಗಳೂರಿನ ಕಂಪನಿಯ ಹತ್ತಿರ. ಹೊಸ ಬ್ಲಾಕಿನ ಸ್ವಿಚ್ ನನ್ನ ಕೈಯಲ್ಲಿದೆ. ಅದರ ನೆತ್ತಿಯ ಮೇಲೆ ಹಿಂದಿನ ವರ್ಷದ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು.

ಒಬ್ಬ ರೋಗಿಯ ಸಿ.ಟಿ. ಅಂದರೆ ಒಂದು ಚಿತ್ರವಲ್ಲ, ಐನೂರು ಆರುನೂರು ಚಿತ್ರ. ಒಂದೊಂದೂ ಅರ್ಧ ಎಂ.ಬಿ. ಒಟ್ಟು 300 ಎಂ.ಬಿ. ಮಾಮೂಲಿಯಾಗಿ ಒಂದು ನಿಮಿಷದೊಳಗೆ ಸರ್ವರ್ ಸೇರುತ್ತಿತ್ತು. ಆ ಸೋಮವಾರದಿಂದ ಮುಕ್ಕಾಲು ಗಂಟೆ ಎಳೆದು, ಕೊನೆಗೆ ಫೇಲ್ ಅಂತ ಕೆಂಪಕ್ಷರ ತೋರಿಸಿ, ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಮೂರನೇ ದಿನದ ಹೊತ್ತಿಗೆ ಲ್ಯಾಬಿನಿಂದಲೂ ದೂರು ಬಂತು. ಬಿಲ್ಲಿಂಗ್ ಕೌಂಟರಿನ ಮೂರು ಕಂಪ್ಯೂಟರಿನಲ್ಲಿ ಒಂದು ಮಾತ್ರ ತೆವಳುತ್ತಿತ್ತು, ಅಕ್ಕಪಕ್ಕದವಕ್ಕೆ ಏನೂ ಇಲ್ಲ. ಆ ಸೋಮವಾರಕ್ಕೆ ಸ್ವಲ್ಪ ಮೊದಲು ಹೊಸ ಬ್ಲಾಕಿನ ನೆಟ್‌ವರ್ಕ್ ರೂಮಿನ ಎ.ಸಿ. ಬೇರೆ ಕೈಕೊಟ್ಟಿತ್ತು. ಮೇಂಟೆನೆನ್ಸ್‌ನವರಿಗೆ ಚೀಟಿ ಬರೆದು ಕೊಟ್ಟು ಬಂದಿದ್ದೆ. ಶಿವಮೊಗ್ಗದ ಏಪ್ರಿಲ್ ಸೆಕೆಯಲ್ಲಿ ಎ.ಸಿ. ಮೆಕ್ಯಾನಿಕ್ ಸಿಗುವುದು ಮದುವೆ ಸೀಸನ್ನಿನಲ್ಲಿ ಅಡುಗೆಭಟ್ಟರು ಸಿಕ್ಕಷ್ಟೇ ಸುಲಭ.

ಮೊದಲ ವಾರ ನಾನು ಮಾಡಿದ್ದನ್ನೆಲ್ಲ ಬರೆದರೆ ನನಗೇ ನಾಚಿಕೆ. ಕೇಬಲ್ ಬದಲಾಯಿಸಿದೆ. ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ. ಆಂಟಿವೈರಸ್ ತೆಗೆದೆ, ಮತ್ತೆ ಹಾಕಿದೆ. ಯಾರೋ ಹಳೇ ಕಾಲದವರು ಹೇಳಿದ್ದು ನೆನಪಾಗಿ, ಸಿ.ಟಿ. ಮೆಷೀನಿನ ಪೋರ್ಟನ್ನು ಸ್ವಿಚ್ ಕಡೆಯಿಂದ 100 ಎಂಬಿಪಿಎಸ್ ಫುಲ್ ಡ್ಯುಪ್ಲೆಕ್ಸ್ ಅಂತ ಕೈಯಾರೆ ಕಟ್ಟಿಹಾಕಿದೆ. ಒಂದು ತುದಿಯನ್ನು ಹೀಗೆ ಕಟ್ಟಿಹಾಕಿ ಇನ್ನೊಂದು ತುದಿಯನ್ನು ಆಟೋದಲ್ಲಿ ಬಿಟ್ಟರೆ, ಆ ತುದಿ ಎದುರಿನವನ ಮನಸ್ಸು ತಿಳಿಯದೆ ಹಾಫ್ ಡ್ಯುಪ್ಲೆಕ್ಸ್‌ಗೆ ಇಳಿಯುತ್ತದೆ. ಆಮೇಲೆ ಒಬ್ಬ ಯಾವಾಗ ಬೇಕಾದರೂ ಮಾತಾಡುತ್ತಾನೆ, ಇನ್ನೊಬ್ಬ ಅವನು ಮುಗಿಸಲಿ ಅಂತ ಕಾಯುತ್ತಾನೆ. ಇದ್ದ ರೋಗದ ಮೇಲೆ ನಾನೇ ಇನ್ನೊಂದು ರೋಗ ಹಚ್ಚಿದ್ದೆ. ಅದು ಗೊತ್ತಾಗುವಷ್ಟರಲ್ಲಿ ಒಂದೂವರೆ ದಿನ ಕಳೆದಿತ್ತು.

ಸಿ.ಟಿ. ಕಂಪನಿಯ ಎಂಜಿನಿಯರ್ ಬಂದರು. ನಾನು ಅವರ ಎದುರಿಗೇ ಮೆಷೀನಿನ ಕೇಬಲ್ ಕಿತ್ತು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ, ಸರ್ವರ್‌ಗೆ ದೊಡ್ಡ ಫೈಲೊಂದನ್ನು ಕಳಿಸಿ ತೋರಿಸಿದೆ. ಸರ್ ಅಂತ ಹೋಯಿತು. "ನೋಡಿ, ಅದೇ ಕೇಬಲ್, ಅದೇ ಪೋರ್ಟ್. ಈಗ ಹೇಳಿ." ಆ ಮನುಷ್ಯ ಜಗಳಕ್ಕೆ ಬರಲಿಲ್ಲ. ತಮ್ಮ ಲ್ಯಾಪ್‌ಟಾಪ್ ತೆಗೆದರು, ಮೆಷೀನಿನ ಐಪಿ ವಿಳಾಸವನ್ನೇ ಅದಕ್ಕೆ ಕೊಟ್ಟರು, ಅದೇ ಕೇಬಲ್ ಚುಚ್ಚಿದರು. ತೆವಳಿತು. "ಈಗ ನೀವು ಹೇಳಿ ಸಾರ್" ಅಂದರು. ನಾನು ಹೇಳಿದ್ದು, "ನಿಮ್ಮ ಲ್ಯಾಪ್‌ಟಾಪಿನ ಫೈರ್‌ವಾಲ್ ಇರಬೇಕು." ಉತ್ತರ ಅಲ್ಲೇ, ನಮ್ಮಿಬ್ಬರ ನಡುವಿನ ಮೇಜಿನ ಮೇಲೆ, ಬಿಚ್ಚಿಟ್ಟ ಹಾಗೆ ಬಿದ್ದಿತ್ತು. ಒಂದೇ ತಂತಿ, ಬೇರೆ ಬೇರೆ ವಿಳಾಸ, ಬೇರೆ ಬೇರೆ ಫಲ. ನಾನು ಅದನ್ನು ಜಾಡಿಸಿ ಎದ್ದುಬಂದೆ.

ಎಂಟನೇ ದಿನ ಒಂದು ಗೆಲುವು ಸಿಕ್ಕಿತು, ಅದೂ ಖೊಟ್ಟಿ. ಬಿಲ್ಲಿಂಗ್‌ನ ಆ ತೆವಳುವ ಕಂಪ್ಯೂಟರಿನ ವಿಳಾಸದ ಕೊನೆ 41 ಇತ್ತು. ಯಾರದೋ ವಿಳಾಸದ ಜೊತೆ ಡಿಕ್ಕಿ ಹೊಡೆಯುತ್ತಿರಬೇಕು ಅಂತ 42 ಮಾಡಿದೆ. ತಕ್ಷಣ ಹುಷಾರಾಯಿತು. ಐಪಿ ಕಾನ್‌ಫ್ಲಿಕ್ಟ್ ಅಂತ ರಿಜಿಸ್ಟರಿನಲ್ಲಿ ಬರೆದು, ಹುಡುಗನಿಗೆ ಮಸಾಲೆದೋಸೆ ಕೊಡಿಸಿ, ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಮರುದಿನ ಹುಡುಗ ಖಾಲಿಯಾದ 41ನ್ನು ಲ್ಯಾಬಿನ ಹೊಸ ಕಂಪ್ಯೂಟರಿಗೆ ಕೊಟ್ಟ. ಅದು ತೆವಳಲು ಶುರುಮಾಡಿತು. "ಸಾರ್, ಆ ನಂಬರಿಗೇ ಏನೋ ದೋಷ ಇದೆ" ಅಂದ ಅವನು. ನಾನು ಬೈದೆ. ಅವನು ಹೇಳಿದ್ದು ನಿಜಕ್ಕೆ ಎಷ್ಟು ಹತ್ತಿರವಿತ್ತು ಅಂತ ಆಮೇಲೆ ಗೊತ್ತಾಯಿತು.

ಒಂದು ಸಂಜೆ ಹೊಸ ಬ್ಲಾಕಿನ ವರಾಂಡದಲ್ಲಿ ಹೊಸನಗರ ಕಡೆಯ ಒಬ್ಬ ಅಜ್ಜ ಕೂತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಸ್ಕ್ಯಾನ್ ಆಗಿತ್ತು, ರಿಪೋರ್ಟ್ ಬಂದಿರಲಿಲ್ಲ. ಕೊನೇ ಬಸ್ಸಿನ ಚಿಂತೆಯಲ್ಲಿದ್ದರು. ಬುತ್ತಿ ಡಬ್ಬಿ ಖಾಲಿಯಾಗಿ ಚೀಲದ ಮೇಲೆ ಕೂತಿತ್ತು. ನಾನು ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡಿದ್ದು ನೋಡಿ ಕೇಳಿದರು. "ನೆಟ್‌ವರ್ಕ್ ಪ್ರಾಬ್ಲಂ ಅಜ್ಜ" ಅಂದೆ. "ನಮ್ಮೂರಲ್ಲಂತೂ ಗುಡ್ಡ ಹತ್ತಿದ್ರೇ ನೆಟ್‌ವರ್ಕು. ಇಲ್ಲೂ ಇಲ್ವಾ ಮಾರಾಯ?" ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಡಾಕ್ಟರೇ ರಸ್ತೆ ದಾಟಿ ಬಂದು ಮೆಷೀನಿನ ಪರದೆಯ ಮೇಲೇ ಚಿತ್ರ ನೋಡಿ ರಿಪೋರ್ಟ್ ಬರೆದರು. ಆ ದಿನಗಳಲ್ಲಿ ಡಾಕ್ಟರು ದಿನಕ್ಕೆ ಏಳೆಂಟು ಸಲ ರಸ್ತೆ ದಾಟುತ್ತಿದ್ದರು. ನನ್ನನ್ನು ಕಂಡಾಗ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬೆಂಗಳೂರಿನ ಕಂಪನಿಗೆ ಟಿಕೆಟ್ ಹಾಕಿದ್ದೆ. ಅವರು ರಾತ್ರಿ ಹನ್ನೊಂದಕ್ಕೆ ಕೋರ್ ಸ್ವಿಚ್‌ಗೆ ಲಾಗಿನ್ ಆಗಿ ಪೋರ್ಟ್‌ಗಳ ಎರರ್ ಲೆಕ್ಕವನ್ನೆಲ್ಲ ಸೊನ್ನೆ ಮಾಡಿ, ಬೆಳಿಗ್ಗೆ ಆರಕ್ಕೆ ಮತ್ತೆ ನೋಡಿ, "ನಮ್ಮ ಕಡೆ ಕ್ಲೀನ್" ಅಂತ ಬರೆದು ಟಿಕೆಟ್ ಮುಚ್ಚಿದರು. ನಾನು ಮತ್ತೆ ತೆರೆಸಿದೆ. ಮತ್ತೆ ರಾತ್ರಿ, ಮತ್ತೆ ಬೆಳಿಗ್ಗೆ, ಮತ್ತೆ ಕ್ಲೀನ್. ಹಗಲು ಆಸ್ಪತ್ರೆ ನಡೆಯುವಾಗ ಕೋರ್ ಸ್ವಿಚ್ ಮುಟ್ಟಬಾರದು ಅನ್ನುವುದು ಅವರ ನಿಯಮ, ನಿಯಮ ತಪ್ಪಲ್ಲ. ಹೊಸ ಬ್ಲಾಕಿನ ನನ್ನ ಸ್ವಿಚ್‌ನಲ್ಲೂ ಎರರ್ ಸೊನ್ನೆ. ಅದೂ ಸುಳ್ಳಲ್ಲ. ಈಥರ್ನೆಟ್‌ನಲ್ಲಿ ಪ್ರತಿ ಫ್ರೇಮಿನ ಬಾಲಕ್ಕೆ ಸಿಆರ್‌ಸಿ ಅನ್ನುವ 32 ಬಿಟ್‌ನ ಒಂದು ಲೆಕ್ಕ ಕಟ್ಟಿರುತ್ತದೆ. ತೆಗೆದುಕೊಳ್ಳುವ ಸ್ವಿಚ್ ಅದನ್ನು ಮತ್ತೆ ಲೆಕ್ಕಹಾಕಿ ತಾಳೆಯಾಗದಿದ್ದರೆ ಸದ್ದಿಲ್ಲದೆ ಎಸೆಯುತ್ತದೆ. ಎಸೆದೆ ಅಂತ ಕಳಿಸಿದವನಿಗೆ ಹೇಳುವುದಿಲ್ಲ. ಅಂಚೆಪೆಟ್ಟಿಗೆಗೆ ಹಾಕಿದವನಿಗೆ ಕಾಗದ ಮಳೆಯಲ್ಲಿ ನೆನೆದದ್ದು ಹೇಗೆ ಗೊತ್ತಾಗಬೇಕು? ನೆನೆದ ಕಾಗದಗಳೆಲ್ಲ ಕೋರ್ ಸ್ವಿಚ್‌ನ ಪೋರ್ಟಿನಲ್ಲಿ ಎಣಿಕೆಯಾಗುತ್ತಿದ್ದವು, ಹಗಲಿನಲ್ಲಿ. ನಾನು ನೋಡುತ್ತಿದ್ದದ್ದು ಕಳಿಸುವ ತುದಿ. ಅವರು ನೋಡುತ್ತಿದ್ದದ್ದು ಸರಿಯಾದ ತುದಿಯನ್ನೇ, ತಪ್ಪು ಹೊತ್ತಿನಲ್ಲಿ.

ನಾನೂ ರಾತ್ರಿ ಉಳಿದೆ. ಹನ್ನೊಂದರಿಂದ ಎರಡರವರೆಗೆ ಸ್ವಿಚ್ಚನ್ನೇ ಸ್ಪೇರ್ ಸ್ವಿಚ್‌ಗೆ ಬದಲಾಯಿಸಿ ಪರೀಕ್ಷೆ ಮಾಡಿದೆ. ಎಲ್ಲ ಸೊಗಸಾಗಿ ಓಡಿತು. ಬೆಳಗಿನ ಜಾವ ಮನೆಗೆ ಹೋಗಿ ಮಲಗಿ, ಒಂಬತ್ತಕ್ಕೆ ಫೋನ್ ಬಂದಾಗ ಎದೆ ಧಸಕ್ಕೆಂದಿತು. "ಸಾರ್, ಮತ್ತೆ ಅದೇ." ಆ ಹೊತ್ತಿಗೆ ನನಗೆ ಮೇಡಂ ದನಿ ಕೇಳಿದರೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತಿತ್ತು. ಮನೆಯವಳು ಹೇಳುವ ಪ್ರಕಾರ ನಾನು ನಿದ್ದೆಯಲ್ಲಿ ಅಂಕಿ ಎಣಿಸುತ್ತಿದ್ದೆನಂತೆ. ಸೆಕ್ಯುರಿಟಿ ಯಜಮಾನರು ನೆಟ್‌ವರ್ಕ್ ರೂಮಿನ ಹೊಸ್ತಿಲಿಗೆ ನಿಂಬೆಹಣ್ಣು ಕೊಯ್ದಿಡಿ ಅಂದರು. ಇಡಲಿಲ್ಲ, ಆದರೆ ಇಡಬೇಡಿ ಅಂತಲೂ ಹೇಳಲಿಲ್ಲ.

ನಿದ್ದೆ ಬಾರದ ರಾತ್ರಿಗಳಲ್ಲಿ ಮೊಬೈಲಿನಲ್ಲಿ ಹಳೇ ಕತೆಗಳನ್ನು ಓದಿದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ಪಕ್ಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ನಡುವಿನ ದೂರ 400 ಗಜ, ಹೆಚ್ಚುಕಡಿಮೆ ನಮ್ಮ ಎರಡು ಕಟ್ಟಡಗಳಷ್ಟೇ. ಅಲ್ಲಿನ ವ್ಯಾನ್ ಜೇಕಬ್ಸನ್ ಅದರ ಮೂಲ ಹುಡುಕುತ್ತ ಹೋಗಿ, ಪ್ಯಾಕೆಟ್‌ಗಳನ್ನು ತಲುಪಿಸುವ ಟಿಸಿಪಿ ಅನ್ನುವ ನಿಯಮಕ್ಕೆ ಒಂದು ನಡವಳಿಕೆ ಕಲಿಸಿದರು: ಪ್ಯಾಕೆಟ್ ಕಳೆದುಹೋಯಿತೇ, ದಾರಿಯಲ್ಲಿ ಜನ ಜಾಸ್ತಿಯಾಗಿದ್ದಾರೆ ಅಂತ ತಿಳಿದು ವೇಗ ಇಳಿಸು, ಆಮೇಲೆ ನಿಧಾನಕ್ಕೆ ಏರಿಸು. ಇಡೀ ಇಂಟರ್‌ನೆಟ್ ಉಳಿದದ್ದು ಈ ಸೌಜನ್ಯದಿಂದ. ನಮಗೆ ಮಾತ್ರ ಅದೇ ಮುಳುವಾಗಿತ್ತು. ನಮ್ಮ ದಾರಿಯಲ್ಲಿ ಜನ ಇರಲಿಲ್ಲ, ಬರೀ ಗುಂಡಿ ಇತ್ತು. ಪ್ರತಿ ಗುಂಡಿಗೂ ಟಿಸಿಪಿ ಬ್ರೇಕ್ ಒತ್ತುತ್ತಿತ್ತು. ಆಗುಂಬೆ ಘಾಟಿಯ ಬಸ್ಸಿನ ಹಾಗೆ ಎರಡನೇ ಗೇರು ಬಿಟ್ಟು ಮೇಲೆ ಹೋಗುವುದೇ ಇಲ್ಲ. ನೂರಕ್ಕೆ ನಾಲ್ಕು ಪ್ಯಾಕೆಟ್ ಕಳೆದುಹೋದರೆ ಕೆಲಸ ನೂರಕ್ಕೆ ನಾಲ್ಕರಷ್ಟು ತಡವಾಗುತ್ತದೆ ಅಂತ ಆಡಳಿತ ಮಂಡಳಿಯವರು ತಿಳಿದಿದ್ದರು. ನಾನೂ ಒಳಗೊಳಗೆ ಹಾಗೇ ಲೆಕ್ಕ ಹಾಕಿಕೊಂಡಿದ್ದೆ ಅಂತ ಕಾಣುತ್ತದೆ.

ಪಿಂಗಿನ ಕತೆಯೂ ಅಲ್ಲೇ ಸಿಕ್ಕಿತು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಮೈಕ್ ಮೂಸ್ ಅನ್ನುವವರು, ತಮ್ಮ ನೆಟ್‌ವರ್ಕ್ ಏಕೋ ಸರಿಯಿಲ್ಲ ಅಂತ ರಾತ್ರಿ ಕೂತು ಪಿಂಗ್ ಬರೆದರು. ಸಬ್‌ಮರೀನಿನ ಸೋನಾರ್ ಸದ್ದಿನಿಂದ ಹೆಸರು ತೆಗೆದುಕೊಂಡರು. ಮೊದಲ ಪಿಂಗ್ ಕಳಿಸುವಷ್ಟರಲ್ಲಿ ಆ ತೊಂದರೆ ಸರಿಹೋಗಿತ್ತಂತೆ. ಪುಣ್ಯವಂತರು. ಅವರಿಗೆ ಯಾರೋ ಹೇಳಿದ ಇನ್ನೊಂದು ಪ್ರಸಂಗವನ್ನೂ ಅವರು ಬರೆದಿದ್ದಾರೆ. ಒಬ್ಬ ನೆಟ್‌ವರ್ಕ್‌ನವನು ಪ್ರತಿ ಉತ್ತರಕ್ಕೂ ಕಂಪ್ಯೂಟರ್ ಬಾಯಿಬಿಟ್ಟು ಪಿಂಗ್, ಪಿಂಗ್ ಅನ್ನುವ ಹಾಗೆ ಮಾಡಿ, ಸ್ಟೀರಿಯೋಗೆ ಕೊಟ್ಟು, ದನಿ ಏರಿಸಿ, ಕಟ್ಟಡವಿಡೀ ತಿರುಗುತ್ತ ಒಂದೊಂದೇ ಕನೆಕ್ಟರ್ ಅಲ್ಲಾಡಿಸಿದನಂತೆ. ಸದ್ದು ನಿಂತ ಕಡೆ ರೋಗ. ಓದಿ ನಕ್ಕು ಮಲಗಿದೆ. ಅದು ನನಗೂ ಬೇಕಾಗುತ್ತದೆ ಅಂತ ಆಗ ಅನಿಸಲಿಲ್ಲ.

ದಾರಿ ತೆರೆದದ್ದು ಹದಿನೈದನೇ ದಿನ. ವಿಂಡೋಸ್‌ನಲ್ಲಿ ಸುಮ್ಮನೆ ಪಿಂಗ್ ಕೊಟ್ಟರೆ ಹೋಗುವುದು 32 ಬೈಟ್‌ನ ಪುಟಾಣಿ ಪ್ಯಾಕೆಟ್, ಅದೂ ನಾಲ್ಕೇ ನಾಲ್ಕು. ಅವತ್ತು ಬೇಸರದಲ್ಲಿ 1472 ಬೈಟ್ ಅಂತ ಹಾಕಿ ಸಾವಿರ ಕಳಿಸಿದೆ. ಸಿ.ಟಿ. ಮೆಷೀನಿನ ಉತ್ತರದಲ್ಲಿ 43 ಕಾಣೆ. ಮತ್ತೆ 32 ಬೈಟ್‌ನ ಸಾವಿರ ಕಳಿಸಿದೆ. ಕಾಣೆಯಾದದ್ದು ಎರಡು. ಹೊರಗೆ ಹೋಗಿ ಒಂದು ಟೀ ಕುಡಿದು ಬಂದು ಮತ್ತೆ ಮಾಡಿದೆ. ಅದೇ. ರಸ್ತೆಯಲ್ಲಿ ಅಲ್ಲಲ್ಲಿ ಕಲ್ಲು ಬೀಳುತ್ತಿದ್ದರೆ ಮೋಟಾರ್ ಬೈಕಿಗಿಂತ ಉದ್ದದ ಲಾರಿಗೆ ತಾಗುವುದೇ ಹೆಚ್ಚು. ಹಾಗೇ, ಬಿಟ್‌ಗಳು ಅಲ್ಲೊಂದು ಇಲ್ಲೊಂದು ಕೆಡುತ್ತಿದ್ದರೆ ಉದ್ದ ಪ್ಯಾಕೆಟ್ಟೇ ಹೆಚ್ಚು ಸಾಯುತ್ತದೆ. ಅಂದರೆ ಯಾರೋ ಲೆಕ್ಕವಿಟ್ಟು ಎಸೆಯುತ್ತಿರಲಿಲ್ಲ. ಎಲ್ಲೋ ತಂತಿಯಲ್ಲೇ, ಬೆಳಕಿನಲ್ಲೇ, ಬಿಟ್‌ಗಳು ಕೆಡುತ್ತಿದ್ದವು. ಎರಡು ವಾರ ನಾನು ಎಲ್ಲರಿಗೂ ಹೇಳಿದ "ಪಿಂಗ್ ಬರ್ತಾ ಇದೆ" ಅನ್ನುವ ಮಾತು, ಲಾರಿಗಳು ಬಿದ್ದ ರಸ್ತೆಯಲ್ಲಿ ನಾಲ್ಕು ಬೈಕು ಬಿಟ್ಟು ನೋಡಿ ಹೇಳಿದ್ದಾಗಿತ್ತು.

ಹುಡುಗನನ್ನು ಕರೆದು ಹೊಸ ಬ್ಲಾಕಿನ ಎಲ್ಲ ಕಂಪ್ಯೂಟರಿನಿಂದಲೂ ಸರ್ವರ್‌ಗೆ ದೊಡ್ಡ ಪಿಂಗ್ ಕೊಡಿಸಿದೆ. ಅವನು ಹಳೇ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದ. ಹುಷಾರಿರುವವು: 22, 36, 42, 118. ಕಾಯಿಲೆಯವು: 35, 41, 53, 67. ಬರೆಯುತ್ತ ಬರೆಯುತ್ತ ಅವನ ಪೆನ್ನೇ ನಿಂತಿತು. "ಸಾರ್, ಸಮ ಸಂಖ್ಯೆಗೆಲ್ಲ ಏನೂ ಆಗಿಲ್ಲ. ಬೆಸ ಸಂಖ್ಯೆಗೆ ಮಾತ್ರ."

ಎರಡು ಫೈಬರ್ ಲಿಂಕನ್ನು ಒಂದಾಗಿ ಕಟ್ಟಿದಾಗ, ಯಾವ ಪ್ಯಾಕೆಟ್ ಯಾವುದರಲ್ಲಿ ಹೋಗಬೇಕು ಅಂತ ಸ್ವಿಚ್ ತೀರ್ಮಾನಿಸುವುದು ಕಳಿಸುವವರ ಮತ್ತು ಪಡೆಯುವವರ ವಿಳಾಸದ ಕೊನೆಯ ಬಿಟ್‌ಗಳನ್ನು ಕೂಡಿಸಿ ಕಳೆದು. ಒಂದೇ ಸಂಭಾಷಣೆಯ ಪ್ಯಾಕೆಟ್‌ಗಳು ಹಿಂದುಮುಂದಾಗಿ ತಲುಪಬಾರದು ಅಂತ ಈ ಏರ್ಪಾಡು. ಹಾಗಾಗಿ ಒಂದು ಜೋಡಿ ವಿಳಾಸಕ್ಕೆ ಯಾವಾಗಲೂ ಒಂದೇ ಲಿಂಕ್. ನಮ್ಮ ಸರ್ವರ್ ಮುಂದೆ ಸಮಗಳೆಲ್ಲ ಒಂದು ಲಿಂಕು, ಬೆಸಗಳೆಲ್ಲ ಇನ್ನೊಂದು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಪರೀಕ್ಷೆಗೆ ಓದಿ ಪಾಸಾದವನು. ನನ್ನ ಲ್ಯಾಪ್‌ಟಾಪಿನ ವಿಳಾಸ 118. ನಾನು ಎಲ್ಲಿ ಚುಚ್ಚಿದರೂ ಒಳ್ಳೆಯ ಲಿಂಕಿನಲ್ಲೇ ಓಡಾಡುತ್ತಿದ್ದೆ. ಆ ಸಿ.ಟಿ. ಎಂಜಿನಿಯರ್ 35 ಹಾಕಿಕೊಂಡು ಕಾಯಿಲೆಯ ಲಿಂಕಿಗೆ ಇಳಿದಿದ್ದರು. ಹುಡುಗನ "ನಂಬರಿನ ದೋಷ" ಕೂಡ ಇದೇ. ಇಬ್ಬರಿಗೂ ನಾನು ಬಾಯಿ ಮಾಡಿದ್ದೆ.

ಎರಡೂ ಲಿಂಕಿನ ದೀಪ ಹಸಿರು. ಅವೆರಡೂ ಬದುಕಿವೆಯಾ ಅಂತ ಸ್ವಿಚ್‌ಗಳು 30 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳಿಸಿ ವಿಚಾರಿಸಿಕೊಳ್ಳುತ್ತವೆ. ಒಂದರ ಹಿಂದೆ ಒಂದು ಮೂರು ತಪ್ಪಿದರೆ ಮಾತ್ರ ಲಿಂಕ್ ಸತ್ತಿತು ಅಂತ ಕೈಬಿಡುತ್ತವೆ. ಅಷ್ಟು ಸಣ್ಣ ಪ್ಯಾಕೆಟ್ ಮೂರು ಸತತವಾಗಿ ಸಾಯುವಷ್ಟು ಕೆಟ್ಟಿರಲಿಲ್ಲ ಅದು. ಪೂರ್ತಿ ಸತ್ತಿದ್ದರೆ ಇನ್ನೊಂದು ಲಿಂಕ್ ತಾನೇ ಭಾರ ಹೊತ್ತು ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಅರೆಜೀವ ಉಳಿದದ್ದೇ ಕೇಡಾಯಿತು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೇಲಧಿಕಾರಿಯ ಒಪ್ಪಿಗೆ ಪಡೆದು ಒಂದು ಫೈಬರ್ ಕಿತ್ತೆ. ಒಂದೇ ನಿಮಿಷದಲ್ಲಿ ಬಿಲ್ಲಿಂಗ್, ಲ್ಯಾಬ್, ಓ.ಪಿ.ಡಿ. ಎಲ್ಲ ಕಡೆಯಿಂದ ಫೋನು. ಸಮಗಳೂ ಮಲಗಿದ್ದವು. ಅದನ್ನು ಹಾಕಿ ಇನ್ನೊಂದನ್ನು ಕಿತ್ತೆ. ಫೋನು ನಿಂತಿತು. ನಿಶ್ಶಬ್ದ. ಹತ್ತು ನಿಮಿಷ ಬಿಟ್ಟು ಸ್ಕ್ಯಾನಿಂಗ್ ಮೇಡಂ ಅವರೇ ಫೋನ್ ಮಾಡಿ, "ಸಾರ್, ಬೆಳಗಿಂದ ಕೂತಿದ್ದ ಏಳು ಪೇಷೆಂಟ್ ಎಲ್ಲಾ ಹೋಯ್ತು, ಏನ್ ಮಾಡಿದ್ರಿ?" ಅಂದರು. ಕಿತ್ತೆ ಅಂತ ಹೇಳಲು ನಾಚಿಕೆಯಾಯಿತು.

ಆಸ್ಪತ್ರೆಗೆ ಅಲ್ಲಿಗೆ ಕಷ್ಟ ತೀರಿತು. ನನಗೆ ತೀರಲಿಲ್ಲ. ಇರುವ ಒಂದೇ ಲಿಂಕ್ ಹೋದರೆ ಎರಡು ಕಟ್ಟಡ ಬೇರೆ ಬೇರೆ. ಕೆಟ್ಟದ್ದನ್ನು ಪತ್ತೆ ಮಾಡಲೇಬೇಕಿತ್ತು. ತೆವಳುತ್ತಿದ್ದ ಒಂದು ಕಂಪ್ಯೂಟರಿನಿಂದ ನಿಮಿಷಕ್ಕೊಮ್ಮೆ ಸರ್ವರ್‌ಗೆ ಒಂದು ಫೈಲ್ ಕಳಿಸಿ, ತಡವಾದಾಗಲೆಲ್ಲ ಬರೆದಿಡುವ ಸಣ್ಣ ಸ್ಕ್ರಿಪ್ಟನ್ನು ನಾನು ಹತ್ತನೇ ದಿನದಿಂದಲೇ ಓಡಿಸುತ್ತಿದ್ದೆ. ಈಗ ಕೂತು ಓದಿದೆ. ಶುರು ದಿನಾ ಬೆಳಿಗ್ಗೆ 8.40ರಿಂದ 8.50ರೊಳಗೆ. ಮುಗಿಯುವುದು ರಾತ್ರಿ ಎಂಟರ ಸುಮಾರಿಗೆ. ಭಾನುವಾರ ಇಡೀ ದಿನ ಸೊನ್ನೆ. ಮೊದಲು ಲಿಫ್ಟಿನ ಮೋಟಾರು, ಎಕ್ಸ್‌ರೇ ಮೆಷೀನು ಅಂತೆಲ್ಲ ತಲೆಗೆ ಬಂತು. ಆದರೆ ಇದು ತಾಮ್ರವಲ್ಲ, ಗಾಜು. ಪಕ್ಕದಲ್ಲಿ ಎಂಥ ಮೋಟಾರು ತಿರುಗಿದರೂ ಬೆಳಕಿಗೆ ತಾಗುವುದಿಲ್ಲ. ಗಾಜಿನ ಎಳೆಗೆ ಭಾನುವಾರ ರಜೆ ಯಾಕೆ ಬೇಕು?

ಹದಿನೇಳನೇ ದಿನ ಕಾಯಿಲೆಯ ಲಿಂಕನ್ನು ಮತ್ತೆ ಹಾಕಿ, ಬೆಂಗಳೂರಿನವರನ್ನು ಕಾಡಿ ಬೇಡಿ, ಹಗಲು ಹನ್ನೊಂದಕ್ಕೆ ಕೋರ್ ಸ್ವಿಚ್ ನೋಡಿಸಿದೆ. ಫೋನಿನಲ್ಲಿ ಆ ಕಡೆ ಕೀಬೋರ್ಡ್ ಸದ್ದು, ಆಮೇಲೆ ಸ್ವಲ್ಪ ಹೊತ್ತು ಮೌನ. "ಸಾರ್, ಸಿಆರ್‌ಸಿ ಎರರ್ ಲಕ್ಷದ ಮೇಲಿದೆ. ಬೆಳಕು ಮೈನಸ್ 22.6 ಡಿಬಿಎಂ ಬರ್ತಾ ಇದೆ." ಫೈಬರಿನ ಬೆಳಕು ಓದುವ ನಮ್ಮ ಮಾಡ್ಯೂಲಿಗೆ ಮೈನಸ್ 19ಕ್ಕಿಂತ ಕೆಳಗೆ ಇಳಿದರೆ ಜವಾಬ್ದಾರಿ ಇಲ್ಲ ಅಂತ ಅದರ ಕಾಗದದಲ್ಲೇ ಇದೆ. ರಾತ್ರಿ ಒಂಬತ್ತಕ್ಕೆ ಮತ್ತೆ ನೋಡಿಸಿದಾಗ ಮೈನಸ್ 7.8. ಡೆಸಿಬೆಲ್ ಲೆಕ್ಕದಲ್ಲಿ ಹಗಲಿನ ಬೆಳಕು ರಾತ್ರಿಯ ಮೂವತ್ತರಲ್ಲಿ ಒಂದು ಪಾಲು. ಉಳಿದ ಇಪ್ಪತ್ತೊಂಬತ್ತು ಪಾಲು ಹಗಲಿನಲ್ಲಿ ಎಲ್ಲೋ ಸೋರುತ್ತಿತ್ತು. ಮಾಡ್ಯೂಲ್ ಬದಲಾಯಿಸಿದೆ, ತುದಿಗಳನ್ನು ಒರೆಸಿದೆ. ಹಗಲಾದರೆ ಅದೇ.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಲ್ಯಾಪ್‌ಟಾಪಿಗೆ ಬೆಸ ವಿಳಾಸ ಕೊಟ್ಟು ನೆಟ್‌ವರ್ಕ್ ರೂಮಿನ ನೆಲದ ಮೇಲೆ ಕೂತೆ. ಲಿನಕ್ಸಿನ ಪಿಂಗ್‌ನಲ್ಲಿ ಪ್ರತಿ ಉತ್ತರಕ್ಕೂ ಬೀಪ್ ಅನ್ನುವ ಒಂದು ಆಯ್ಕೆ ಇದೆ. ಆ ಸ್ಟೀರಿಯೋ ಮನುಷ್ಯನ ನೆನಪಾಗಿ ಅದನ್ನು ಹಚ್ಚಿ, ಸೆಕೆಂಡಿಗೆ ಐದರಂತೆ ದೊಡ್ಡ ಪ್ಯಾಕೆಟ್ ಬಿಟ್ಟೆ. ಬೀಪ್ ಬೀಪ್ ಬೀಪ್, ನಡುವೆ ಒಂದು ತಪ್ಪುತ್ತದೆ, ಮತ್ತೆ ಬೀಪ್ ಬೀಪ್. ಹೃದಯದ ವಾರ್ಡಿನ ಮಾನಿಟರ್ ಹಾಗೆ. ಸ್ವಿಚ್‌ನಿಂದ ಗೋಡೆಗೆ ಹೋಗುವ ಫೈಬರ್ ತುಂಡು, ಅಂದರೆ ಹಳದಿ ಪ್ಯಾಚ್ ಕಾರ್ಡನ್ನು ಸ್ವಿಚ್ ಹತ್ತಿರ ಹಿಡಿದು ಅಲ್ಲಾಡಿಸಿದೆ, ವ್ಯತ್ಯಾಸವಿಲ್ಲ. ಗೋಡೆಯ ಫೈಬರ್ ಪೆಟ್ಟಿಗೆ ಬಾಗಿಲಿನ ಆ ಬದಿಗಿತ್ತು. ರೂಮು ಚಿಕ್ಕದು, ಬೆನ್ನು ಬಗ್ಗಿಸಿ ಹೋಗಬೇಕು.

ಅಷ್ಟರಲ್ಲಿ ಹೌಸ್‌ಕೀಪಿಂಗ್ ಅಕ್ಕ ಪೊರಕೆ ಹಿಡಿದು ಬಂದರು. "ಸ್ವಲ್ಪ ಏಳಿ ಸಾರ್, ಬಾಗಿಲ ಹಿಂದೆ ಗುಡಿಸಿಬಿಡ್ತೀನಿ." ನಾನು ಎದ್ದು ಗೋಡೆಗೆ ಒರಗಿದೆ. ಅವರು ಬಾಗಿಲಿಗೆ ಆನಿಸಿಟ್ಟಿದ್ದ ಇಟ್ಟಿಗೆಯನ್ನು ಕಾಲಿನಲ್ಲಿ ಸರಿಸಿ, ಬಾಗಿಲನ್ನು ಅರ್ಧ ಮುಚ್ಚಿ, ಹಿಂದಿನ ಮೂಲೆ ಗುಡಿಸತೊಡಗಿದರು. ಬೀಪ್ ಬೀಪ್ ಬೀಪ್ ಬೀಪ್. ಒಂದೂ ತಪ್ಪುತ್ತಿಲ್ಲ. ನಾನು ಉಸಿರು ಹಿಡಿದು ಎಣಿಸಿದೆ. ನೂರು ದಾಟಿತು. ಅವರು ಗುಡಿಸಿ ಮುಗಿಸಿ ಬಾಗಿಲನ್ನು ಮತ್ತೆ ಪೂರ್ತಿ ತೆರೆದು ಇಟ್ಟಿಗೆ ಒತ್ತಿದರು. ಬೀಪ್ ಬೀಪ್, ತಪ್ಪಿತು.

"ಅಕ್ಕಾ, ಇನ್ನೊಂದ್ಸಲ ಮುಚ್ಚಿ."

"ಯಾಕೆ ಸಾರ್, ಇನ್ನೂ ಕಸ ಇದೆಯಾ?"

ಮುಚ್ಚಿದರು. ಸರಿಹೋಯಿತು. ತೆರೆದರು. ತಪ್ಪಿತು. ನಾಲ್ಕು ಸಲ ಮಾಡಿಸಿದೆ. ಐದನೇ ಸಲ ಅವರು ನನ್ನ ಮುಖ ನೋಡಿ ಸುಮ್ಮನೆ ಬಾಗಿಲು ಹಿಡಿದುಕೊಂಡು ನಿಂತರು. ನಾನು ಮೊಬೈಲಿನ ಟಾರ್ಚ್ ಹಾಕಿ ಕದ ಮತ್ತು ಚೌಕಟ್ಟಿನ ಸಂದಿಗೆ ಬಿಟ್ಟೆ. ಎರಡು ಪ್ಯಾಚ್ ಕಾರ್ಡ್‌ಗಳಲ್ಲಿ ಉದ್ದದ್ದು ಮೇಲಿನ ಟ್ರೇ ಮೇಲೆ ಹಾದು ಹೋಗಿತ್ತು. ಗಿಡ್ಡದ್ದು ಅಷ್ಟು ಸುತ್ತಿ ಬರಲಾರದೆ ನೇರವಾಗಿ ಬಾಗಿಲ ತಿರುಗಣಿಯ ಪಕ್ಕದಿಂದ ಇಳಿದಿತ್ತು. ಕದ ಪೂರ್ತಿ ತೆರೆದಾಗ ನಡುವಿನ ತಿರುಗಣಿ ಅದನ್ನು ಚೌಕಟ್ಟಿನ ಅಂಚಿಗೆ ಒತ್ತಿ, ಕಡ್ಡಿ ಮುರಿದ ಹಾಗೆ ಮಡಿಸುತ್ತಿತ್ತು. ಇಂಥ ಫೈಬರನ್ನು 30 ಮಿಲಿಮೀಟರಿಗಿಂತ ಚಿಕ್ಕ ಸುತ್ತಿನಲ್ಲಿ ಬಾಗಿಸಬಾರದು. ಬಾಗಿಸಿದರೆ ಒಳಗೆ ಪುಟಿಯುತ್ತ ಸಾಗಬೇಕಾದ ಬೆಳಕು ಆ ತಿರುವಿನಲ್ಲಿ ಹೊರಗೆ ಸೋರಿಬಿಡುತ್ತದೆ. ಇಲ್ಲಿ ಮಡಿಕೆ ಬೆರಳಿನ ಗೆಣ್ಣಿಗಿಂತ ಸಣ್ಣದಿತ್ತು. ಹಳದಿ ಹೊದಿಕೆಯ ಮೇಲೆ ತಿರುಗಣಿಯ ಕಪ್ಪು ಎಣ್ಣೆ ಮೆತ್ತಿ, ಒಂದು ಕಡೆ ಉಗುರಿನಿಂದ ಒತ್ತಿದಂಥ ಗೀರು. ಆ ಕಾರ್ಡಿನೊಳಗೆ ಹೋಗಲೊಂದು ಬರಲೊಂದು ಅಂತ ಇರುವ ಎರಡು ಎಳೆಗಳಲ್ಲಿ ಒಂದಕ್ಕೇ ಪೂರ್ತಿ ಒತ್ತಡ. ಅದು ಹೊಸ ಬ್ಲಾಕಿನಿಂದ ಹಳೇ ಕಟ್ಟಡಕ್ಕೆ ಹೋಗುವ ಎಳೆ.

"ಅಕ್ಕಾ, ಈ ಬಾಗಿಲನ್ನು ದಿನಾ ಯಾರು ಹೀಗೆ ತೆಗೆದಿಡೋದು?"

"ನಾನೇ ಸಾರ್. ಬೆಳಿಗ್ಗೆ ಬಂದ ತಕ್ಷಣ. ರಾತ್ರಿ ಪಾಳಿಯವರು ಮುಚ್ತಾರೆ."

"ಯಾರು ಹೇಳಿದ್ದು?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವೇ ಹೇಳಿದ್ದಲ್ವಾ ಸಾರ್? ಎ.ಸಿ. ಕೆಟ್ಟೋಗಿದೆ, ಹಗಲೊತ್ತು ಬಾಗಿಲು ಪೂರ್ತಿ ತೆಗೆದಿಡಿ ಅಂತ. ಗಾಳಿಗೆ ಮುಚ್ಕೊಳ್ಳುತ್ತೆ ಅಂತ ಇಟ್ಟಿಗೆ ತಂದಿಟ್ಟಿದ್ದು ನಾನು."

ಹೇಳಿದ್ದು ನಿಜ. ಎ.ಸಿ. ಚೀಟಿ ಕೊಟ್ಟು ವಾಪಸ್ ಬರುವಾಗ, ಮೆಟ್ಟಿಲ ಹತ್ತಿರ, ನಿಲ್ಲದೆ ಹೇಳಿದ ಒಂದು ಮಾತು. ಅವರು ಒಂದು ದಿನವೂ ತಪ್ಪಿಸದೆ ನಡೆಸಿಕೊಟ್ಟಿದ್ದರು, ಅವರ ವಾರದ ರಜೆ ಭಾನುವಾರ ಬಿಟ್ಟು. ಆ ಭಾನುವಾರಗಳಲ್ಲಿ ರೂಮು ಮುಚ್ಚಿಯೇ ಇತ್ತು, ಅದೇ ಸೆಕೆಯಲ್ಲಿ ಸ್ವಿಚ್‌ಗೆ ಏನೂ ಆಗಿರಲಿಲ್ಲ.

ಹೊಸ ಪ್ಯಾಚ್ ಕಾರ್ಡ್ ಬೆಲೆ ನಾನೂರು ರೂಪಾಯಿಗಿಂತ ಕಡಿಮೆ ಇತ್ತು. ಉದ್ದದ್ದನ್ನು ತಂದು ಮೇಲಿನ ಟ್ರೇ ಮೇಲೆ ಹಾಯಿಸಿ, ಬಾಗಿಲು ತೆರೆದು ಮುಚ್ಚಿ ನೋಡಿ, ಬೆಂಗಳೂರಿನವರಿಂದ ಎರಡೂ ಲಿಂಕಿನ ಬೆಳಕು ಓದಿಸಿಕೊಂಡು, ರಿಜಿಸ್ಟರಿನಲ್ಲಿ "ಫೈಬರ್ ಪ್ಯಾಚ್ ಕಾರ್ಡ್ ಬದಲಾವಣೆ" ಅಂತ ಒಂದೇ ಸಾಲು ಬರೆದೆ. ಕಾರಣ ಅನ್ನುವ ಕಾಲಂ ಖಾಲಿ ಬಿಟ್ಟೆ. ಹುಡುಗ ಪಕ್ಕದಲ್ಲಿ ನಿಂತು ನೋಡುತ್ತಿದ್ದವನು ಏನೂ ಕೇಳಲಿಲ್ಲ. ಆಮೇಲೆ ನಾನೇ ಪೆನ್ನು ತೆಗೆದು "ಬಾಗಿಲು" ಅಂತ ಬರೆದೆ.

ಸಿ.ಟಿ. ಕಂಪನಿಯ ಎಂಜಿನಿಯರ್‌ಗೆ ಫೋನ್ ಮಾಡಿ ಹೇಳಿದೆ. "ಹೋಗ್ಲಿ ಬಿಡಿ ಸಾರ್" ಅಂದರು, ಜೋರಾಗಿ ನಕ್ಕರು. ಸ್ಕ್ಯಾನಿಂಗ್ ಮೇಡಂ ಹತ್ತಿರ ಹೋಗಿ ನಿಮ್ಮ ಮೆಷೀನಿನದು ತಪ್ಪಿರಲಿಲ್ಲ ಅಂದೆ. "ನಾನು ಮೊದಲ ದಿನಾನೇ ಹೇಳಿದ್ನಲ್ಲ" ಅಂದು ಮುಂದಿನ ಪೇಷೆಂಟ್ ಹೆಸರು ಕೂಗಿದರು.

ಎ.ಸಿ. ರಿಪೇರಿಯಾದದ್ದು ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ.